ಯಂತ್ರಗಾನವೂ ನಾದಕಾಯಕವೂ

2025ರಲ್ಲಿ ತೆರೆಕಂಡ ‘ಲವ್ ಯು’ ಎಂಬ ಕನ್ನಡ ಚಲನಚಿತ್ರದ ದೃಶ್ಯಗಳನ್ನೂ ಸಂಗೀತವನ್ನೂ ಕೃತಕ ಬುದ್ಧಿಮತ್ತೆಯ ಯಂತ್ರದಿಂದಲೇ ನಿರ್ಮಿಸಲಾಯಿತು. ಇಂತಹ ಗಾನವು ಕಲೆಯೆನಿಸುವುದೇ ಎಂಬ ಜಿಜ್ಞಾಸೆಯು ದೊಡ್ಡಬೆಳವಂಗಲದಂತಹ ಊರಿನ ಭಕ್ತರಿಗೂ ದೂರದ್ದಲ್ಲ; ವಚನವೊಂದನ್ನು ಬರೆದುಕೊಟ್ಟರೆ ಯಂತ್ರವು ಕ್ಷಣಮಾತ್ರದಲ್ಲಿ ಅದಕ್ಕೆ ಧಾಟಿ ಕಟ್ಟಿ ಹಾಡಬಲ್ಲುದು.

ಯಂತ್ರವೆಂಬ ಮಾತ್ರಕ್ಕೆ ಅದು ತ್ಯಾಜ್ಯವಲ್ಲ. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ನಿಷೇಧಿಸಿ, 1971ರಲ್ಲಿ ಆ ನಿರ್ಬಂಧವನ್ನು ಸಡಿಲಿಸಿತು. (ಭಜನೆಯವರು ಅದನ್ನು ಬಿಟ್ಟುದೇ ಇಲ್ಲವೆನ್ನಿ!) ಆದರೆ ಹಾರ್ಮೋನಿಯಂ ತಾನಾಗಿ ಹಾಡದು; ತಿದಿಯೊತ್ತುವ ಕೈ ಬೇಕು.

ಈ ನೂತನ ಯಂತ್ರವಾದರೋ ಅಸಂಖ್ಯ ಧ್ವನಿಮುದ್ರಣಗಳಿಂದ ಸ್ವರಗಳ ನಡೆಯನ್ನು ಗಣಿಸಿ ಹೊಸದನ್ನು ಹೆಣೆಯುತ್ತದೆ. ತಾಳ ತಪ್ಪದು, ಶ್ರುತಿ ಜಾರದು. ಬಸವಣ್ಣನವರು ಹಾಡಿಕೆಯಲ್ಲಿ ಲಕ್ಷಣಶುದ್ಧಿಗಿಂತ ಒಲವನ್ನೇ ಮೇಲೆಣಿಸಿದರು. ತಮ್ಮ ದೇಹವೇ ವೀಣೆಯಾಗಲೆಂದು ಬೇಡಿದರು. ಅರ್ಪಿಸುವವನೇ ಇಲ್ಲದ ಗಾನವು ಕಿವಿಗೆ ಇಂಪಾದೀತು, ಅರ್ಪಿತವಾಗದು. ಧಾಟಿ ಕಲಿಯಲು ಅದನ್ನು ಕೇಳಬಹುದು. ಪೂಜೆಯ ವೇಳೆಗೆ ಮನೆಯವರ ಒಡಕು ಕಂಠವೇ ಲೇಸು.

ಋಣದ ಮಾತೂ ಉಂಟು. ವಚನಗಾಯನದಿಂದ ನಾಡಿಗೆ ಪರಿಚಿತರಾದ ಮಲ್ಲಿಕಾರ್ಜುನ ಮನಸೂರರು ನೀಲಕಂಠಬುವಾ, ಮಂಜೀಖಾನರಲ್ಲಿ ಕಲಿತರು. ಗುರುಗಳ ಹೆಸರನ್ನು ಮರೆಸಲಿಲ್ಲ. ಯಂತ್ರವು ಕಲಿತುದು ಯಾರ ಕಂಠದಿಂದ? 2024ರಲ್ಲಿ ಎ. ಆರ್. ರೆಹಮಾನರು ದಿವಂಗತ ಗಾಯಕರಿಬ್ಬರ ಧ್ವನಿಯನ್ನು ಯಂತ್ರದಿಂದ ಮರಳಿಸಿದಾಗ, ಅವರ ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಸಲ್ಲಿಸಿದರು.