ಕೃಷಿಶಾಸ್ತ್ರ ಲೇಖನಗಳಲ್ಲಿ ಆಧಾರಗಳನ್ನು ನಮೂದಿಸುವ ಕ್ರಮ

ತಲಘಟ್ಟಪುರದಲ್ಲಿ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಿರುವುದು ಆ ಸೀಮೆಯ ರೈತರಿಗೆ ತಿಳಿದ ವಿಷಯವೇ ಸರಿ. ಇಂತಹ ಸಂಸ್ಥೆಗಳ ಪ್ರಯೋಗಗಳ ಫಲವು ಮೊದಲು ಶಾಸ್ತ್ರೀಯ ಲೇಖನವಾಗಿ ಪ್ರಕಟವಾಗಿ, ಬಳಿಕ ಕರಪತ್ರಗಳಿಂದಲೂ ಬಾಯಿಮಾತಿನಿಂದಲೂ ಗ್ರಾಮಗಳನ್ನು ಸೇರುತ್ತದೆ. ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಆಧಾರಪಟ್ಟಿಯನ್ನು ಪಂಡಿತರ ಆಡಂಬರವೆಂದು ಎಣಿಸುವವರುಂಟು. ಆದರೆ ಸರ್ವೆ ನಂಬರೂ ಚಕ್ಕುಬಂದಿಯೂ ಇಲ್ಲದ ಕ್ರಯಪತ್ರವನ್ನು ಯಾವ ಜಮೀನುದಾರನೂ ಒಪ್ಪನಷ್ಟೆ. ಆಧಾರವಿಲ್ಲದ ಅಂಕಿಯೂ ಅಂಥದೇ.

ಇದರಿಂದಾಗುವ ನಷ್ಟಕ್ಕೆ ಹಿಪ್ಪುನೇರಳೆಯ ಗೊಬ್ಬರವೇ ಸಾಕ್ಷಿ. ನೀರಾವರಿಯ ವಿ-1 ತಳಿಗೆ ಸಾರಜನಕ, ರಂಜಕ, ಪೊಟ್ಯಾಷ್‌ಗಳನ್ನು 350 : 140 : 140 ಕಿಲೋಗ್ರಾಂ ಪ್ರಮಾಣದಲ್ಲಿ ಶಿಫಾರಸು ಮಾಡಿದೆ. ಈ ಅಂಕಿಯು ಒಂದು ಹೆಕ್ಟೇರಿಗೆ, ಒಂದು ವರ್ಷಕ್ಕೆ, ಐದು ಬೆಳೆಗಳಿಗೆ ಹಂಚಿ ಹಾಕತಕ್ಕದ್ದು. ಅಂದರೆ ಎಕರೆಗೆ ಪ್ರತಿ ಬೆಳೆಗೆ ಬರುವ ಸಾರಜನಕವು ಸುಮಾರು 28 ಕಿಲೋಗ್ರಾಂ ಮಾತ್ರ. ಯೂರಿಯಾ ರೂಪದಲ್ಲಿ ಸುಮಾರು 61 ಕಿಲೋಗ್ರಾಂ. ಮಳೆಯಾಶ್ರಯದ ತೋಟಕ್ಕಾದರೋ ಹೆಕ್ಟೇರಿಗೆ ವರ್ಷಕ್ಕೆ 100 : 50 : 50 ಎಂಬ ಬೇರೆಯೇ ಪ್ರಮಾಣವಿದೆ. ‘ಹಿಪ್ಪುನೇರಳೆಗೆ 350’ ಎಂದಷ್ಟೇ ಕೇಳಿದವನು ಅದನ್ನು ಎಕರೆಗೆ, ಒಂದೇ ಬೆಳೆಗೆ ಹಾಕಿದಲ್ಲಿ ಹನ್ನೆರಡು ಪಾಲಿಗಿಂತಲೂ ಹೆಚ್ಚು ಸುರಿದಂತಾಗುವುದು. ಹಣವೂ ಹೋಗಿ, ತೋಟವೂ ಕೆಡುವುದು. ಆಧಾರವು ಜೊತೆಗಿದ್ದರೆ ಮೂಲವನ್ನು ತೆಗೆದು ನೋಡಿ ಈ ತಪ್ಪನ್ನು ತಡೆಯಬಹುದು.

ಪೂರ್ಣವಾದ ಆಧಾರದಲ್ಲಿ ಐದು ಅಂಗಗಳಿರಬೇಕು: ಬರೆದವರ ಹೆಸರು, ಪ್ರಕಟವಾದ ವರ್ಷ, ಬರಹದ ಹೆಸರು, ಪ್ರಕಟಿಸಿದ ಪತ್ರಿಕೆ ಅಥವಾ ಸಂಸ್ಥೆ, ಸಂಪುಟ ಹಾಗೂ ಪುಟಗಳ ಸಂಖ್ಯೆ. ಅಡಕೆಯ ಕೊಳೆರೋಗವನ್ನು ಕುರಿತು ಡಾಕ್ಟರ್ ಕೋಲ್ಮನ್‌ರವರು ಬರೆದ ಪ್ರಸಿದ್ಧ ಗ್ರಂಥವನ್ನು ಹೀಗೆ ನಮೂದಿಸಬಹುದು: ಕೋಲ್ಮನ್, ಎಲ್. ಸಿ., 1910, ಅಡಕೆ ಮರದ ರೋಗಗಳು: ಕೊಳೆರೋಗ, ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆ, ಶಿಲೀಂಧ್ರಶಾಸ್ತ್ರ ಮಾಲೆ, 2ನೆಯ ಪ್ರಕಟಣೆ. ಇಷ್ಟಿದ್ದರೆ ಶತಮಾನ ಕಳೆದರೂ ಪುಸ್ತಕಭಂಡಾರದಲ್ಲಿ ಅದನ್ನು ಹುಡುಕಿ ತೆಗೆಯಬಹುದು. ‘ಕೋಲ್ಮನ್ ಸಾಹೇಬರು ಹೇಳಿದ್ದಾರೆ’ ಎಂದಷ್ಟೇ ಬರೆದರೆ ಹುಡುಕುವ ದಾರಿಯೇ ಇಲ್ಲ.

ಲೇಖನದ ನಡುವೆ ಆಧಾರವನ್ನು ಸೂಚಿಸಲು ಮುಖ್ಯವಾಗಿ ಎರಡು ಪದ್ಧತಿಗಳಿವೆ. ಮೊದಲನೆಯದರಲ್ಲಿ ವಾಕ್ಯದ ಕೊನೆಗೆ (ಕೋಲ್ಮನ್, 1910) ಎಂದು ಹೆಸರನ್ನೂ ವರ್ಷವನ್ನೂ ಕೊಟ್ಟು, ಕೊನೆಯ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುತ್ತಾರೆ. ಎರಡನೆಯದರಲ್ಲಿ 1, 2, 3 ಎಂದು ಅಂಕಿಗಳನ್ನಿಟ್ಟು, ಅದೇ ಅನುಕ್ರಮದಲ್ಲಿ ಪಟ್ಟಿ ಕೊಡುತ್ತಾರೆ. ಲೇಖನವನ್ನು ಕಳುಹಿಸುವ ಪತ್ರಿಕೆಯ ನಿಯಮವನ್ನು ಮೊದಲೇ ನೋಡಿ, ಒಂದೇ ಪದ್ಧತಿಯನ್ನು ಆದ್ಯಂತವೂ ಅನುಸರಿಸತಕ್ಕದ್ದು. ಲೇಖನದೊಳಗಿನ ಪ್ರತಿ ಆಧಾರವೂ ಪಟ್ಟಿಯಲ್ಲಿರಬೇಕು; ಪಟ್ಟಿಯಲ್ಲಿರುವ ಪ್ರತಿಯೊಂದೂ ಲೇಖನದಲ್ಲಿ ಬಂದಿರಬೇಕು.

ಇದರಲ್ಲಿ ಪ್ರಾಮಾಣಿಕತೆಯ ಮಾತೂ ಒಂದುಂಟು. ಸ್ವತಃ ಓದದ ಗ್ರಂಥವನ್ನು ಓದಿದಂತೆ ನಮೂದಿಸಬಾರದು. ಮತ್ತೊಬ್ಬರ ಬರಹದಿಂದ ತಿಳಿದ ವಿಷಯವಾದರೆ, ಇಂಥವರು ಉದ್ಧರಿಸಿದಂತೆ ಎಂದು ಹೇಳಿಬಿಡಬೇಕು. ಇಲ್ಲವಾದರೆ ಮೊದಲನೆಯವನ ಕೈತಪ್ಪು ಹತ್ತು ಲೇಖನಗಳಲ್ಲಿ ಹರಿದು, ಕೊನೆಗೆ ಸತ್ಯವೆಂದೇ ನಿಲ್ಲುವುದು. ಅಂಕಿಯನ್ನು ತೆಗೆದುಕೊಳ್ಳುವಾಗ ಅದರ ಮಾನವನ್ನೂ ನಿಬಂಧನೆಗಳನ್ನೂ ಬಿಡಬಾರದು. ಹುಳು ಸಾಕುವ ಮನೆಯ ಸೋಂಕುನಿವಾರಣೆಗೆ ಶೇಕಡಾ 2ರ ಬ್ಲೀಚಿಂಗ್ ಪುಡಿಯನ್ನು ಶೇಕಡಾ 0.3ರ ಅರಳಿದ ಸುಣ್ಣದ ನೀರಿನಲ್ಲಿ ಕಲಸಬೇಕೆಂದು ಮೂಲದಲ್ಲಿದ್ದರೆ, ಸುಣ್ಣವನ್ನು ಬಿಟ್ಟು ಬರೆಯುವುದು ಅರ್ಧ ಔಷಧವನ್ನು ಕೊಟ್ಟಂತೆ.

ಲೇಖನ ಬರೆಯದ ಗ್ರಾಮಪ್ರಮುಖರಿಗೂ ಇದರಿಂದ ಪ್ರಯೋಜನವುಂಟು. ಪಂಚಾಯಿತಿಯ ಹಲಗೆಯ ಮೇಲೆ ಗೊಬ್ಬರದ ಅಥವಾ ಔಷಧದ ಪ್ರಮಾಣವನ್ನು ಬರೆಯಿಸುವಾಗ, ಅದರ ಕೆಳಗೆ ಹೇಳಿದ ಸಂಸ್ಥೆ, ವರ್ಷ, ತಳಿ, ನೀರಾವರಿಯೋ ಮಳೆಯಾಶ್ರಯವೋ, ಎಕರೆಗೋ ಹೆಕ್ಟೇರಿಗೋ ಎಂಬುದನ್ನು ಒಂದೇ ಸಾಲಿನಲ್ಲಿ ಸೇರಿಸತಕ್ಕದ್ದು. ಯಾರಾದರೂ ಹೊಸ ಅಂಕಿಯನ್ನು ತಂದು ಹೇಳಿದರೆ, ಅದು ಎಲ್ಲಿ ಅಚ್ಚಾಗಿದೆಯೆಂದು ಸಂಕೋಚವಿಲ್ಲದೆ ಕೇಳಬೇಕು. ಆ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ಗೊಬ್ಬರದ ಚೀಲವನ್ನು ಬಿಚ್ಚದಿರುವುದೇ ಲೇಸು.