ಹಣ ಧಣಿಯದು, ಹೊರೆ ಕ್ಲಬ್ಬಿನದು

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಖರ್ಚಿಗೆ ಪ್ರೀಮಿಯರ್ ಲೀಗು ಹಾಕಿರುವ ಮಿತಿ ನ್ಯಾಯವೇ? ಓದುಗರ ಪತ್ರಗಳಿಗೆ ನಮ್ಮ ಅಂಕಣಕಾರರ ಉತ್ತರ. ಅವರು ವೃತ್ತಿಯಲ್ಲಿ ಲೆಕ್ಕಪರಿಶೋಧಕರು. ಫುಟ್‌ಬಾಲ್ ಹುಚ್ಚು ಅದಕ್ಕಿಂತ ಹಳೆಯದು.

ಸರ್, ಎವರ್ಟನ್ ಸೋತಾಗಲೆಲ್ಲ ಹಾಸ್ಟೆಲಿನಲ್ಲಿ ಗೇಲಿಗೆ ಗುರಿಯಾಗುವವನು ನಾನು. ಅದು ರೂಢಿಯಾಗಿದೆ. ಆದರೆ 2023ರಲ್ಲಿ ಮೈದಾನಕ್ಕೇ ಇಳಿಯದೆ ಹತ್ತು ಪಾಯಿಂಟ್ ಕಳೆದುಕೊಂಡದ್ದು ಇನ್ನೂ ಅರಗಿಲ್ಲ. ಮಾಲೀಕ ತನ್ನ ಜೇಬಿನಿಂದ ಸುರಿಯುತ್ತೇನೆ ಅಂದರೆ ಲೀಗಿಗೇನು ಕಷ್ಟ? ದುಡ್ಡೂ ಅವನದೇ, ಕ್ಲಬ್ಬೂ ಅವನದೇ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು

ದುಡ್ಡು ಅವನದು, ಒಪ್ಪಿದೆ. ಆದರೆ ಆ ದುಡ್ಡನ್ನು ನಂಬಿ ಆಟಗಾರನಿಗೆ ಬರೆದುಕೊಟ್ಟ ಐದು ವರ್ಷದ ಕರಾರು ಕ್ಲಬ್ಬಿನದು. ಧಣಿ ಎದ್ದು ಹೋದ ಮೇಲೂ ತಿಂಗಳ ಸಂಬಳ ಕೊಡಬೇಕಾದದ್ದು ಕ್ಲಬ್ಬೇ. ಪೋರ್ಟ್ಸ್‌ಮತ್ 2008ರಲ್ಲಿ ಎಫ್‌ಎ ಕಪ್ ಗೆದ್ದಿತು. 2010ರಲ್ಲಿ ಸಾಲಗಾರರ ಕಾಟ ತಾಳಲಾರದೆ ಆಡಳಿತಾಧಿಕಾರಿಗಳ ಕೈಸೇರಿ, ಒಂಬತ್ತು ಪಾಯಿಂಟ್ ಕಳೆದುಕೊಂಡು ಕೆಳಗಿನ ದರ್ಜೆಗೆ ಜಾರಿತು. 1885ರಲ್ಲಿ ಹುಟ್ಟಿದ ಬೆರಿ ಕ್ಲಬ್ಬನ್ನಂತೂ 2019ರ ಆಗಸ್ಟಿನಲ್ಲಿ ಕೆಳದರ್ಜೆಗಳ ಲೀಗಿನಿಂದಲೇ ಹೊರಹಾಕಿದರು. ಧಣಿಗಳು ಬರುತ್ತಾರೆ, ಹೋಗುತ್ತಾರೆ. ಸ್ಟೇಡಿಯಂ ಪಕ್ಕದ ಬೀದಿಯವರು ಎಲ್ಲಿಗೆ ಹೋಗಬೇಕು?

ನಿಮ್ಮ ಎವರ್ಟನ್ನನ್ನೇ ನೋಡಿ. ರಷ್ಯಾದ ಉದ್ಯಮಿ ಅಲಿಶೇರ್ ಉಸ್ಮಾನೋವ್ ಅವರ ಕಂಪನಿಗಳ ಪ್ರಾಯೋಜಕತ್ವದ ಮೇಲೆ ಕ್ಲಬ್ಬು ದೊಡ್ಡ ಲೆಕ್ಕ ಹಾಕಿಕೊಂಡಿತ್ತು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು, ಆ ಒಪ್ಪಂದಗಳಿಗೆ ತಡೆ ಬಿತ್ತು.

ಮಾಲೀಕನ ಹಣಕ್ಕೆ ಪೂರ್ತಿ ನಿಷೇಧ ಇತ್ತೆಂದು ತಿಳಿಯಬೇಡಿ. 2025-26ರವರೆಗಿನ ನಿಯಮದಲ್ಲಿ ಮೂರು ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡ್‌ವರೆಗೆ ನಷ್ಟ ಮಾಡಿಕೊಳ್ಳಬಹುದಿತ್ತು. ಅದರಲ್ಲಿ 1.5 ಕೋಟಿ ಕ್ಲಬ್ಬಿನ ಮೈಮೇಲೆ. ಉಳಿದ ಒಂಬತ್ತು ಕೋಟಿಯನ್ನು ಮಾಲೀಕ ಸಾಲವಾಗಿ ಅಲ್ಲ, ಬಂಡವಾಳವಾಗಿ ಹಾಕಿ ತುಂಬಬೇಕಿತ್ತು. ಸ್ಟೇಡಿಯಂ, ಯುವ ಅಕಾಡೆಮಿ, ಮಹಿಳಾ ತಂಡ ಇವುಗಳ ಖರ್ಚು ಲೆಕ್ಕಕ್ಕಿರಲಿಲ್ಲ. ಎವರ್ಟನ್ ಈ ಗೆರೆಯನ್ನು 1.95 ಕೋಟಿ ಪೌಂಡ್‌ನಷ್ಟು ದಾಟಿತ್ತು.

ಆದರೂ ನಿಮ್ಮ ಸಿಟ್ಟಿಗೆ ಒಂದು ಜಾಗ ಇದೆ. ಎಷ್ಟು ಮೀರಿದರೆ ಎಷ್ಟು ಪಾಯಿಂಟ್ ಎಂದು ನಿಯಮದಲ್ಲಿ ಬರೆದೇ ಇರಲಿಲ್ಲ. ಹತ್ತು ಎಂದರು, ಮೇಲ್ಮನವಿಯಲ್ಲಿ ಆರು ಎಂದರು, ಅದೇ ಸೀಸನ್ನಿನಲ್ಲಿ ಇನ್ನೊಂದು ಅವಧಿಯ ಲೆಕ್ಕಕ್ಕೆ ಮತ್ತೆ ಎರಡು ಕಿತ್ತರು. ದಂಡದ ಪಟ್ಟಿ ಇಲ್ಲದ ಕಾನೂನನ್ನು ಯಾವ ಆಡಿಟರೂ ಮೆಚ್ಚಲಾರ.

ನಾನು ಹುಬ್ಬಳ್ಳಿಯವನು, ಕೆಲಸದ ಸಲುವಾಗಿ ನಾಟಿಂಗ್‌ಹ್ಯಾಮ್‌ನಾಗ ಇದ್ದೀನಿ. ಫಾರೆಸ್ಟ್ ತಂಡದ ನಾಲ್ಕು ಪಾಯಿಂಟ್ ಕೆಲವೇ ತಿಂಗಳಾಗ ಕಿತ್ತುಕೊಂಡ್ರು. ಮ್ಯಾಂಚೆಸ್ಟರ್ ಸಿಟಿ ಮ್ಯಾಲೆ 115 ಆರೋಪ ಅದಾವ, ಅದಕ್ಕ ಮಾತ್ರ ವರ್ಷಗಟ್ಟಲೆ. ಇದೆಂಥಾ ನ್ಯಾಯ ಸರ?

ಎರಡೂ ಒಂದೇ ಜಾತಿಯ ಪ್ರಕರಣಗಳಲ್ಲ. ಫಾರೆಸ್ಟ್ ತನ್ನ ಲೆಕ್ಕಪತ್ರದಲ್ಲೇ ಮಿತಿ ದಾಟಿದ್ದನ್ನು ಒಪ್ಪಿಕೊಂಡಿತ್ತು. ಉಳಿದದ್ದು ಶಿಕ್ಷೆ ಎಷ್ಟೆಂಬ ಮಾತು ಮಾತ್ರ. ಸಿಟಿಯ ಮೇಲೆ 2023ರ ಫೆಬ್ರವರಿಯಲ್ಲಿ ಬಂದ ಆರೋಪದ ತಿರುಳು, ಹಲವು ವರ್ಷ ಕೊಟ್ಟ ಲೆಕ್ಕವೇ ನಿಜವಲ್ಲ ಎಂಬುದು. ಕ್ಲಬ್ಬು ಎಲ್ಲವನ್ನೂ ಅಲ್ಲಗಳೆದಿದೆ. ವಿಚಾರಣೆಯೇ 2024ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ನಡೆಯಿತು. ಹಿಂದೆ ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಎಫಾ ಹಾಕಿದ್ದ ಎರಡು ವರ್ಷದ ನಿಷೇಧವನ್ನು ಕ್ರೀಡಾ ನ್ಯಾಯಮಂಡಳಿ 2020ರಲ್ಲಿ ರದ್ದು ಮಾಡಿತ್ತು, ಹಾಗಾಗಿ ಲೀಗು ಎಚ್ಚರಿಕೆಯಿಂದ ಹೆಜ್ಜೆ ಇಟ್ಟದ್ದು ಸಹಜ. ಪ್ರಾಮಾಣಿಕವಾಗಿ ತಪ್ಪೊಪ್ಪಿಕೊಂಡವನಿಗೆ ಬೇಗ ಶಿಕ್ಷೆ ಎಂಬ ವ್ಯಂಗ್ಯ ಇದರಲ್ಲಿ ಇದ್ದೇ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಫಾರೆಸ್ಟ್‌ನ ಮಿತಿ 10.5 ಕೋಟಿ ಅಲ್ಲ, 6.1 ಕೋಟಿ ಆಗಿತ್ತು. ಕೆಳದರ್ಜೆಯಲ್ಲಿ ಕಳೆದ ಪ್ರತಿ ವರ್ಷಕ್ಕೆ ನಷ್ಟದ ಅವಕಾಶ 3.5 ಕೋಟಿಗೆ ಬದಲು 1.3 ಕೋಟಿಯಷ್ಟೇ ಇತ್ತು. ಅಂದರೆ ಈಗಷ್ಟೇ ಮೇಲೆ ಬಂದು, ತಂಡವನ್ನೇ ಹೊಸದಾಗಿ ಕಟ್ಟಬೇಕಾದವನಿಗೇ ಹಗ್ಗ ಗಿಡ್ಡ. ಅವರು 3.45 ಕೋಟಿ ಮೀರಿದರು. ಅಕಾಡೆಮಿಯಲ್ಲಿ ಬೆಳೆದ ಬ್ರೆನನ್ ಜಾನ್ಸನ್‌ನನ್ನು ಟಾಟನ್‌ಹ್ಯಾಮ್‌ಗೆ 4.75 ಕೋಟಿಗೆ ಮಾರಿದರು ನಿಜ, ಆದರೆ 2023ರ ಸೆಪ್ಟೆಂಬರ್ 1ರಂದು. ಲೆಕ್ಕ ಮುಗಿಯುವುದು ಜೂನ್ 30ಕ್ಕೆ. ಆತುರಪಟ್ಟಿದ್ದರೆ ಕಡಿಮೆ ಬೆಲೆಗೆ ಕೊಡಬೇಕಿತ್ತು, ಕಾದದ್ದೇ ಜಾಣತನವಲ್ಲವೇ ಎಂದು ಕ್ಲಬ್ಬು ವಾದಿಸಿತು. ವಿಚಾರಣೆ ನಡೆಸಿದ ಆಯೋಗ ಒಪ್ಪಲಿಲ್ಲ. ಎಲ್ಲರಿಗೂ ಒಂದೇ ದಿನಾಂಕ, ಈ ವಿಷಯದಲ್ಲಿ ನಾನೂ ಆಯೋಗದ ಕಡೆ. 6.1 ಕೋಟಿಯ ವಿಷಯದಲ್ಲಿ ನಿಮ್ಮ ಕಡೆ.

ನನ್ನ ಮಗಳಿಗೆ ಚೆಲ್ಸಿ ಎಂದರೆ ಪ್ರಾಣ. ಕಾನರ್ ಗ್ಯಾಲಗರ್ ಚಿಕ್ಕಂದಿನಿಂದ ಅಲ್ಲೇ ಬೆಳೆದ ಹುಡುಗನಂತೆ, ಅವನನ್ನೇ ಮಾರಿದರಂತೆ. "ಅಪ್ಪಾ, ಹೊರಗಿನವರಿಗೆ ಕೋಟಿಗಟ್ಟಲೆ ಕೊಡ್ತಾರೆ, ಮನೆ ಹುಡುಗನ್ನ ಯಾಕೆ ಮಾರ್ತಾರೆ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.
— ದಿನಸಿ ವ್ಯಾಪಾರಿ, ದಾವಣಗೆರೆ

ಅಂಗಡಿ ಲೆಕ್ಕ ಬರೆಯುವವರು ನೀವು, ನಿಮಗೆ ಬೇಗ ಅರ್ಥವಾಗುತ್ತದೆ. ಕೊಂಡ ಆಟಗಾರನ ಬೆಲೆಯನ್ನು ಕರಾರಿನ ವರ್ಷಗಳ ಮೇಲೆ ಹಂಚಿ ಖರ್ಚು ಬರೆಯುತ್ತಾರೆ. ಹತ್ತು ಕೋಟಿಗೆ ಐದು ವರ್ಷಕ್ಕೆ ಕೊಂಡರೆ ವರ್ಷಕ್ಕೆ ಎರಡು ಕೋಟಿ. ಎರಡು ವರ್ಷ ಕಳೆದಾಗ ಪುಸ್ತಕದಲ್ಲಿ ಅವನ ಬೆಲೆ ಆರು ಕೋಟಿ. ಏಳಕ್ಕೆ ಮಾರಿದರೆ ಲಾಭ ಒಂದೇ ಕೋಟಿ. ಅಕಾಡೆಮಿ ಹುಡುಗನಿಗೆ ಖರೀದಿ ಬೆಲೆಯೇ ಇಲ್ಲ, ಪುಸ್ತಕದಲ್ಲಿ ಅವನು ಸೊನ್ನೆ. ಮೂರೂವರೆ ಕೋಟಿಗೆ ಮಾರಿದರೆ ಅಷ್ಟಕ್ಕಷ್ಟೂ ಲಾಭ, ಅದೂ ಅದೇ ವರ್ಷದ ಲೆಕ್ಕಕ್ಕೆ.

ಚೆಲ್ಸಿ ಈ ಆಟವನ್ನು ಎರಡೂ ತುದಿಯಿಂದ ಆಡಿತು. ಎನ್ಸೊ ಫೆರ್ನಾಂಡೆಸ್‌ನನ್ನು ಸುಮಾರು 10.7 ಕೋಟಿ ಪೌಂಡ್‌ಗೆ ಕೊಂಡು ಎಂಟೂವರೆ ವರ್ಷದ ಕರಾರು ಬರೆಯಿತು. ಐದು ವರ್ಷಕ್ಕೆ ಹಂಚಿದ್ದರೆ ವರ್ಷಕ್ಕೆ 2.1 ಕೋಟಿ ಬೀಳುತ್ತಿತ್ತು. ಹೀಗೆ ಎಳೆದದ್ದರಿಂದ 1.26 ಕೋಟಿಗೆ ಇಳಿಯಿತು. (ಐದು ವರ್ಷಕ್ಕಿಂತ ಹೆಚ್ಚು ಹಂಚುವಂತಿಲ್ಲ ಎಂದು ಯುಎಫಾ 2023ರಲ್ಲಿ ಬಾಗಿಲು ಹಾಕಿತು, ಲೀಗೂ ಹಿಂಬಾಲಿಸಿತು.) ಇತ್ತ ಮೇಸನ್ ಮೌಂಟ್ 2023ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ, ಮರುವರ್ಷ ಗ್ಯಾಲಗರ್ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ. ಸ್ಟೇಡಿಯಂ ಪಕ್ಕದ ಎರಡು ಹೋಟೆಲುಗಳನ್ನು ತನ್ನದೇ ಬಳಗದ ಕಂಪನಿಗೆ 7.65 ಕೋಟಿಗೆ ಮಾರಿ ಲಾಭ ತೋರಿಸಿತು. ಲೀಗು ಹೂಂ ಎಂದಿತು. ಇಂಥ ಮಾರಾಟವನ್ನು ಎಣಿಸದ ಯುಎಫಾ 2025ರ ಜುಲೈನಲ್ಲಿ ಚೆಲ್ಸಿಗೆ 3.1 ಕೋಟಿ ಯೂರೊ ದಂಡ ಹಾಕಿತು.

2024ರ ಜೂನ್ ಕೊನೆಯ ವಾರಗಳಂತೂ ಸಂತೆ. ಚೆಲ್ಸಿಯ ಅಕಾಡೆಮಿ ಹುಡುಗ ಇಯಾನ್ ಮಾಟ್ಸೆನ್ ಆ್ಯಸ್ಟನ್ ವಿಲ್ಲಾಗೆ. ವಿಲ್ಲಾದಲ್ಲಿ ಬೆರಳೆಣಿಕೆಯಷ್ಟು ಪಂದ್ಯ ಆಡಿದ್ದ 18ರ ಹುಡುಗ ಓಮಾರಿ ಕೆಲಿಮನ್ 1.9 ಕೋಟಿಗೆ ಚೆಲ್ಸಿಗೆ. ಎರಡೂ ಕಡೆ ಆ ವರ್ಷದ ಲಾಭ, ಎರಡೂ ಕಡೆ ಮುಂದಿನ ಐದು ವರ್ಷಕ್ಕೆ ಹಂಚಿದ ಖರ್ಚು. ಇದರಲ್ಲಿ ಲೀಗಿನ ನಿಯಮ ಮುರಿದವರು ಯಾರೂ ಇಲ್ಲ. ಈ ಇಡೀ ವ್ಯವಸ್ಥೆಯ ದೊಡ್ಡ ಅನ್ಯಾಯ ನನ್ನ ಕಣ್ಣಿಗೆ ಇದೇ: ಮಿತಿ ಇರುವುದು ತಪ್ಪಲ್ಲ, ಊರಿನ ಹುಡುಗನನ್ನು ಮಾರುವುದೇ ಸುಲಭದ ದಾರಿ ಎನ್ನುವ ಹಾಗೆ ಆ ಮಿತಿಯನ್ನು ಅಳೆಯುವುದು ತಪ್ಪು. ಅಕಾಡೆಮಿ ಆಟಗಾರನ ಮಾರಾಟದ ಲಾಭವನ್ನೂ ಐದು ವರ್ಷಕ್ಕೆ ಹಂಚಿ ಬರೆಯಿರಿ ಎಂದರೆ ಸಾಕು, ಜೂನ್ ಸಂತೆ ಅರ್ಧ ಖಾಲಿ. ಮಗಳಿಗೆ ಹೇಳಿ, ಪ್ರಶ್ನೆ ಸರಿಯಾಗಿಯೇ ಕೇಳಿದ್ದಾಳೆ.

ಐಪಿಎಲ್‌ನಲ್ಲಿ ಎಲ್ಲರಿಗೂ ಒಂದೇ ಪರ್ಸ್. ಅಲ್ಲೂ ಹಾಗೇ ಮಾಡಿದರೆ ಮುಗೀತಲ್ಲ?
— ನಿವೃತ್ತ ಶಿಕ್ಷಕಿ, ಮೈಸೂರು

ಮೇಡಂ, 2025ರ ಸೀಸನ್ನಿನ ಹರಾಜಿನಲ್ಲಿ ಹತ್ತು ತಂಡಗಳಿಗೂ 120 ಕೋಟಿ ರೂಪಾಯಿ. ಕೊನೆಗೆ ಉಳಿದವರೂ ಮುಂದಿನ ವರ್ಷ ಅಲ್ಲೇ ಇರುತ್ತಾರೆ. ಇಂಗ್ಲೆಂಡಿನಲ್ಲಿ ಪ್ರತಿ ವರ್ಷ ಮೂವರು ಕೆಳಗಿಳಿಯುತ್ತಾರೆ, ಮೇಲಿನವರು ರಿಯಲ್ ಮ್ಯಾಡ್ರಿಡ್, ಬಯರ್ನ್‌ಗಳ ಜೊತೆ ಪೈಪೋಟಿಗೆ ಇಳಿಯಬೇಕು. ಅದಕ್ಕೆ ದೊಡ್ಡ ಕ್ಲಬ್ಬುಗಳು ಸಮಾನ ಪರ್ಸ್ ಎಂದರೆ ಬೆಚ್ಚುತ್ತವೆ.

ನಿಮ್ಮ ಸಲಹೆಗೆ ಹತ್ತಿರದ್ದೊಂದು ಬಂದಿತ್ತು: ಕಟ್ಟಕಡೆಯ ಕ್ಲಬ್ಬಿಗೆ ಸಿಗುವ ಟಿವಿ ಮತ್ತು ಬಹುಮಾನದ ಹಣದ ಐದು ಪಟ್ಟನ್ನು ಯಾರ ತಂಡದ ಖರ್ಚೂ ಮೀರಬಾರದು ಎಂದು. ಆಟಗಾರರ ಸಂಘ ವಿರೋಧಿಸಿತು. 2025ರ ನವೆಂಬರಿನಲ್ಲಿ ಅದು ಮತಕ್ಕೆ ಬಂದು ಬಿದ್ದುಹೋಯಿತು. ಪಾಸಾದದ್ದು ಇನ್ನೊಂದು: 2026-27ರಿಂದ ನಷ್ಟದ ಮಿತಿ ಹೋಗಿ, ಆದಾಯದ ಶೇ 85ರಷ್ಟನ್ನು ತಂಡಕ್ಕೆ ಖರ್ಚು ಮಾಡಬಹುದೆಂಬ ನಿಯಮ. ಯುರೋಪಿನ ಟೂರ್ನಿ ಆಡುವವರಿಗೆ ಯುಎಫಾದ ಮಿತಿ ಶೇ 70. ಕೇಳಲು ಸಮಾನ. ಆದರೆ 60 ಕೋಟಿ ಪೌಂಡ್ ಗಳಿಸುವವನಿಗೆ 85 ಅಂದರೆ 51 ಕೋಟಿ, 15 ಕೋಟಿಯವನಿಗೆ 12.75. ಕ್ಲಬ್ಬು ಮುಳುಗದಂತೆ ಈ ಸೂತ್ರ ಕಾಯುತ್ತದೆ. ಮೇಲಿನವರನ್ನೂ ಅಲ್ಲೇ ಕಾಯುತ್ತದೆ. ಅದನ್ನು ಬದಲಿಸಲು 20 ಕ್ಲಬ್ಬುಗಳಲ್ಲಿ 14 ಕೈ ಎತ್ತಬೇಕು. ಐಪಿಎಲ್ ಪರ್ಸ್ ಎಷ್ಟೆಂದು ಮಂಡಳಿ ಹೇಳುತ್ತದೆ, ಇಲ್ಲಿ ಹೇಳಬೇಕಾದವರು ಆಡುವವರೇ.