ಅಡುಗೆಮನೆಯಿಂದ ಆಚೆ ಕಳಿಸಬೇಡ

“ಬಚ್ಚಲಿಗೆ ಹೋದ್ರೂ ಬಾಗಿಲ ಸಂದಿಯಲ್ಲಿ ಬೆರಳು ತೂರಿಸಿ ‘ಅಮ್ಮಾ, ಇದೀಯಾ?’ ಅಂತ ಕೇಳ್ತಾನೆ ದೊಡ್ಡಮ್ಮ, ತಲೆ ಕೆಟ್ಟುಹೋಗುತ್ತೆ” ಎಂದೆಯಲ್ಲ, ನಾನು ನಕ್ಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೂರೂವರೆ ವರ್ಷದ ಹುಡುಗ. ನಿಂತಲ್ಲಿ ನಿಲ್ಲುವುದಿಲ್ಲ, ಬಾಯಿಗೆ ಬಿಡುವಿಲ್ಲ, ಅಮ್ಮ ಅಂದರೆ ಜೀವ. ಇಂಥ ಮಗುವಿರುವ ಮನೆಯಲ್ಲಿ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದು ಮುಗಿಸಿದ ತಾಯಿಯನ್ನು ನಾನಂತೂ ನೋಡಿಲ್ಲ. ನಾನೀಗ ಹೇಳಹೊರಟಿರುವುದನ್ನು ನಿನ್ನಮ್ಮ ಹೇಳಿದರೆ ನೀನು ಕೇಳುವುದಿಲ್ಲ, ನಿಮ್ಮತ್ತೆ ಹೇಳಿದರೆ ಅದಕ್ಕೆ ಬೇರೆಯೇ ಅರ್ಥ ಹುಟ್ಟುತ್ತೆ. ಶಿಶುವಿಹಾರದಲ್ಲಿ ಊರ ಮಕ್ಕಳ ಮೂಗು ಒರೆಸಿಕೊಂಡೇ ತಲೆ ನರೆತ ದೊಡ್ಡಮ್ಮ ಹೇಳಿದರೆ ಯಾರಿಗೂ ನೋವಿಲ್ಲ.

ಹೋದ ಸಲ ನಿಮ್ಮ ಫ್ಲಾಟಿಗೆ ಬಂದಾಗ ಗಮನಿಸಿದೆ. ಸಂಜೆ ಆಫೀಸಿನಿಂದ ಬಂದವಳೇ ಅವನ ಮುಂದೆ ಆಟದ ಸಾಮಾನಿನ ಬುಟ್ಟಿ ಸುರಿದು ಅಡುಗೆಮನೆಗೆ ಓಡುತ್ತೀಯ. ಎರಡು ನಿಮಿಷ ಕಳೆಯುವುದರೊಳಗೆ ಅವನು ನಿನ್ನ ದುಪಟ್ಟಾದ ತುದಿ ಹಿಡಿದು ನಿಂತಿರುತ್ತಾನೆ. “ಹೋಗು ಪುಟ್ಟ, ಆಟ ಆಡ್ಕೋ” ಅನ್ನುತ್ತೀಯ. ಹೋಗುತ್ತಾನೆ, ಮತ್ತೆ ಬರುತ್ತಾನೆ. ಮೂರನೇ ಸಲಕ್ಕೆ ಗದರುತ್ತೀಯ, ಅವನು ಅಳುತ್ತಾನೆ, ನೀನು ಫೋನು ಕೊಟ್ಟು ಕೂರಿಸುತ್ತೀಯ. ಆ ಬುಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಗ್ಯಾಸ್ ಒಲೆ, ಕುಕ್ಕರು, ಸೌಟು ಎಲ್ಲ ಬಿದ್ದಿದ್ದವು. ದುಡ್ಡು ಕೊಟ್ಟು ಸುಳ್ಳು ಅಡುಗೆಮನೆಯೊಂದನ್ನು ತಂದುಕೊಟ್ಟು, ನಿಜವಾದ ಅಡುಗೆಮನೆಯಿಂದ ಹುಡುಗನನ್ನು ಆಚೆ ಹಾಕಿದ್ದೀಯ. ಅವನು ಕೇಳುತ್ತಿರುವುದು ನಿನ್ನ ಕೆಲಸದಲ್ಲಿ ಒಂದು ಪಾಲು ಕಣೇ. ಅದು ಸಿಗುವವರೆಗೆ ಕಾಲಿಗೆ ಅಡ್ಡ ಬರುತ್ತಲೇ ಇರುತ್ತಾನೆ.

ಇದು ನಾನು ಕಂಡುಹಿಡಿದದ್ದೇನಲ್ಲ. ಡಾಕ್ಟರಾಗಿದ್ದ ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಅನ್ನುವ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದರು. ಅಲ್ಲಿ ಗೊಂಬೆಗಳೂ ಇದ್ದವು. ಮಕ್ಕಳು ಅವನ್ನು ಮೂಲೆಗೆ ತಳ್ಳಿ, ಕೈ ತೊಳೆಯುವುದು, ಮೇಜು ಒರೆಸುವುದು, ಗುಂಡಿ ಹಾಕುವುದು ಇಂಥ ನಿಜವಾದ ಕೆಲಸಗಳಿಗೇ ಮುಗಿಬೀಳುತ್ತಿದ್ದುದನ್ನು ಕಂಡು ಆಕೆಗೇ ಆಶ್ಚರ್ಯವಾಯಿತು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು ಯುದ್ಧದ ಕಾರಣಕ್ಕೆ ವರ್ಷಗಟ್ಟಲೆ ಇಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಈಗ ನಿಮ್ಮ ಬೆಂಗಳೂರಿನಲ್ಲಿ ಆಕೆಯ ಹೆಸರಿನ ಬೋರ್ಡು ಕಂಡಲ್ಲೆಲ್ಲ ದೊಡ್ಡ ಫೀಸು. ಅಲ್ಲಿ ಮಗು ಒಂದು ಜಗ್ಗಿನಿಂದ ಇನ್ನೊಂದು ಜಗ್ಗಿಗೆ ನೀರು ಹುಯ್ಯುವ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ, ನೀನು ಅದನ್ನು ನನಗೆ ಕಳಿಸುತ್ತೀಯ. ಅದೇ ಮಗು ಮನೆಯಲ್ಲಿ ಚೊಂಬು ಮುಟ್ಟಿದರೆ “ಚೆಲ್ತೀಯ, ಇಡು ಅಲ್ಲಿ!”

ಈಗ ಅವರೆಕಾಯಿ ಕಾಲ. ಇಂದು ರಾತ್ರಿಯೇ ಕಾಳು ನೆನೆಹಾಕು, ನಾಳೆ ಹಿತಕಿದ ಬೇಳೆ ಸಾರು ಮಾಡು. ಅಡುಗೆಮನೆಯ ನೆಲದ ಮೇಲೆ ಹಳೆಯ ಪೇಪರು ಹಾಸಿ, ಎರಡು ಬಟ್ಟಲು ಇಟ್ಟು, ಹಿಡಿಯಷ್ಟು ಕಾಳು ಅವನ ಮುಂದೆ ಹಾಕು. ಹೇಗೆಂದು ಬಾಯಲ್ಲಿ ಹೇಳಬೇಡ, ನಿಧಾನವಾಗಿ ಎರಡು ಕಾಳು ಹಿತುಕಿ ತೋರಿಸು, ಸಾಕು. ಮೊದಲಿನ ಒಂದಷ್ಟು ಕಾಳು ಅವನ ಮುಷ್ಟಿಯಲ್ಲೇ ಅಪ್ಪಚ್ಚಿ. ಆಮೇಲೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ಕಾಳಿನ ಒಂದು ತುದಿಯನ್ನು ಹಿಡಿಯುತ್ತವೆ. ಸಿಪ್ಪೆ ಮೊದಲು ಸುಕ್ಕಾಗುತ್ತೆ, ಆಮೇಲೆ ಬೇಳೆ ಪುಳಕ್ಕನೆ ಜಾರಿ ಬಂದು ಅವನ ಗಲ್ಲಕ್ಕೇ ತಾಗುತ್ತೆ. ಬಿದ್ದುಬಿದ್ದು ನಗುತ್ತಾನೆ. ನಾಲ್ಕೈದು ಕಾಳು ಬೇಕೆಂದೇ ಹಾರಿಸುತ್ತಾನೆ, ಒಂದು ಫ್ರಿಜ್ಜಿನ ಅಡಿಗೆ ಹೋಗುತ್ತೆ. ಹೋಗಲಿ. ಆಟ ಹಳತಾದ ಮೇಲೆ ನಿಜವಾದ ಕೆಲಸ ಶುರು. ತುಟಿ ಮುಂದೆ ಬರುತ್ತೆ, ಬೆನ್ನು ಬಾಗುತ್ತೆ, ಉಗುರಿಗೆ ಅಂಟಿದ ಸಿಪ್ಪೆಯನ್ನು ಪೇಪರಿಗೆ ಉಜ್ಜಿಕೊಳ್ಳುವುದನ್ನು ಅವನೇ ಕಂಡುಕೊಳ್ಳುತ್ತಾನೆ. ಸಿಪ್ಪೆ ಬೇಳೆಯ ಬಟ್ಟಲಿಗೆ, ಬೇಳೆ ಸಿಪ್ಪೆಯ ಬಟ್ಟಲಿಗೆ ಬೀಳುತ್ತಿರುತ್ತವೆ. ನೀನು ಆ ಹೊತ್ತಿನಲ್ಲಿ ಬಾಯಿ ಹಾಕದಿರುವುದೇ ದೊಡ್ಡ ಉಪಕಾರ. “ಜಾಣ ಮರಿ! ಸೂಪರ್!” ಅಂದೆಯೋ, ಅವನು ತಲೆ ಎತ್ತಿ ನಿನ್ನ ಮುಖ ನೋಡುತ್ತಾನೆ, ಅಲ್ಲಿಗೆ ಕೆಲಸ ನಿಂತುಹೋಯಿತು.

ಆ ಮೂರು ಬೆರಳೇ ನಾಳೆ ಪೆನ್ಸಿಲು ಹಿಡಿಯುವ ಬೆರಳು. ಪಕ್ಕದ ಫ್ಲಾಟಿನ ಹುಡುಗಿ ಆಗಲೇ ಎ ಇಂದ ಝಡ್ ತನಕ ಬರೆಯುತ್ತಾಳೆ ಅಂತ ನಿನಗೆ ಒಳಗೊಳಗೇ ದಿಗಿಲು, ಗೊತ್ತು ನನಗೆ. ಬರೆಯಲಿ ಬಿಡು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ 3ರಿಂದ 8 ವರ್ಷದವರೆಗಿನ ಕಾಲವನ್ನು ಬುನಾದಿಯ ಹಂತ ಅಂತ ಒಟ್ಟುಮಾಡಿ, ಆಟ ಮತ್ತು ಚಟುವಟಿಕೆಯ ಮೂಲಕ ಕಲಿಸಬೇಕು ಅನ್ನುತ್ತೆ. ಕೈಯಲ್ಲಿ ಬಲವಿಲ್ಲದ ಮಗುವಿಗೆ ಕಾಪಿ ಬರೆಸಿದರೆ ಬೆರಳು ನೋಯುತ್ತೆ, ಅಕ್ಷರ ಅಂದರೆ ಬೇಸರ ಹುಟ್ಟುತ್ತೆ. ಕಾಳು ಹಿತುಕಿದ, ಚಪಾತಿ ಹಿಟ್ಟು ಮಿದ್ದಿದ, ಒದ್ದೆ ಬಟ್ಟೆ ಹಿಂಡಿದ ಕೈಗೆ ಪೆನ್ಸಿಲು ಅಷ್ಟು ಭಾರವಾಗುವುದಿಲ್ಲ.

ಆದರೆ ಕಾಳು ಕೊಟ್ಟು ನೀನು ಬಾಲ್ಕನಿಗೆ ಹೋಗಿ ಫೋನಿನಲ್ಲಿ ಮಾತಾಡುತ್ತಾ ನಿಲ್ಲಬೇಡ. ಈ ವಯಸ್ಸಿನವರು ಕಾಳು ಕಂಡರೆ ಮೂಗಿಗೋ ಕಿವಿಗೋ ತುರುಕಿಕೊಳ್ಳುತ್ತಾರೆ. ತುರುಕಿಕೊಂಡರೆ ಹೇರ್‌ಪಿನ್ನು, ಹತ್ತಿಕಡ್ಡಿ ಹಾಕಿ ಕೆದಕಬೇಡ, ಇನ್ನೂ ಒಳಕ್ಕೆ ಹೋಗುತ್ತೆ. ಒದ್ದೆಯಲ್ಲಿ ಕಾಳು ಉಬ್ಬುವುದೂ ಉಂಟು. ಸೀದಾ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಹೋಗು. ಇಡೀ ಕಡಲೆಬೀಜ, ಗೋಡಂಬಿಯನ್ನು ಐದು ವರ್ಷ ತುಂಬುವ ತನಕ ಬಾಯಿಗೆ ಕೊಡಬೇಡ. ಅದರಲ್ಲೂ ಓಡುವಾಗ, ನಗಿಸುವಾಗ ಬೇಡವೇ ಬೇಡ. ಇನ್ನೊಂದು, ರಿಮೋಟು, ಹಾಡುವ ಗೊಂಬೆ, ತೂಕದ ಯಂತ್ರ ಇವುಗಳಲ್ಲಿರುವ ಗುಂಡಿಯಂಥ ಬ್ಯಾಟರಿ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಲು ಶುರುಮಾಡುತ್ತೆ. ನುಂಗಿದ್ದಾನೆ ಅನ್ನುವ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಹೊರಡು. ಫಿನಾಯಿಲನ್ನು ಕೂಲ್‌ಡ್ರಿಂಕ್ ಬಾಟಲಿಗೆ ಹುಯ್ದಿಟ್ಟಿದ್ದೀಯಲ್ಲ ಸಿಂಕಿನ ಕೆಳಗೆ, ಅದನ್ನು ಇವತ್ತೇ ತೆಗೆ. ಒಲೆ, ಕುಕ್ಕರು, ಚಾಕು, ಈಳಿಗೆಮಣೆ ಇವೆಲ್ಲ ಅವನ ಪಾಲಿಗೆ ಬರುವ ಕಾಲ ಬರುತ್ತೆ, ಈಗಲ್ಲ. ಒಲೆಯಿಂದ ದೂರ ಒಂದು ಜಾಗ ಗುರುತು ಮಾಡು. “ಇದು ಪುಟ್ಟನ ಜಾಗ” ಅಂದರೆ ಅಲ್ಲಿಂದ ಅಲ್ಲಾಡುವುದಿಲ್ಲ, ಬೇಕಾದರೆ ನೋಡು.

ಅವರೆ ಕಾಲ ಮುಗಿದ ಮೇಲೇನು ಅಂತೀಯಾ? ಕರಿಬೇವು ಕಡ್ಡಿಯಿಂದ ಬಿಡಿಸಲಿ. ಅಕ್ಕಿಯನ್ನು ಲೋಟದಲ್ಲಿ ಅಳೆದು ಪಾತ್ರೆಗೆ ಹಾಕಲಿ, ಎಷ್ಟು ಲೋಟ ಅಂತ ಎಣಿಸಲಿ. ಒಣಗಿದ ಬಟ್ಟೆಯಲ್ಲಿ ಅಪ್ಪನ ಕಾಲುಚೀಲದ ಜೋಡಿ ಹುಡುಕುವುದರಲ್ಲಂತೂ ನಿನಗಿಂತ ಅವನೇ ಚುರುಕು. ಊಟಕ್ಕೆ ಮೊದಲು ತಟ್ಟೆ ಇಡುವುದು ಅವನ ಕೆಲಸ ಅಂತ ಗೊತ್ತುಮಾಡಿಬಿಡು. ಸ್ಟೀಲಿನದು, ಬಿದ್ದರೆ ಸದ್ದಾಗುತ್ತೆ, ಅಷ್ಟೆ. ಅವನು ಒರೆಸಿದ ಮೇಜನ್ನು ಅವನೆದುರೇ ಮತ್ತೆ ಒರೆಸಬೇಡ. ಮಲಗಿದ ಮೇಲೆ ಒರೆಸಿಕೋ. ಕೆಲಸಕ್ಕೆ ಚಾಕೊಲೇಟಿನ ಕೂಲಿ ಕೊಡುವ ಅಭ್ಯಾಸವನ್ನಂತೂ ಹಚ್ಚಲೇಬೇಡ. ಎಲ್ಲಕ್ಕೂ ಹೊತ್ತು ಹಿಡಿಯುತ್ತೆ, ನಿಜ. ಹತ್ತು ನಿಮಿಷದ ಕೆಲಸ ಇಪ್ಪತ್ತೈದಾಗುತ್ತೆ. ಆದರೆ ಅವನನ್ನು ಐದು ಸಲ ಹಾಲಿಗೆ ಅಟ್ಟಿ, ಗದರಿ, ಅತ್ತ ಮೇಲೆ ಸಮಾಧಾನ ಮಾಡುವ ಹೊತ್ತನ್ನು ಲೆಕ್ಕ ಹಾಕಿದ್ದೀಯಾ? ದಿನಕ್ಕೊಂದು ಕೆಲಸ ಸಾಕು. ತೀರಾ ಅವಸರದ ದಿನ “ಇವತ್ತು ಆಗಲ್ಲ ಪುಟ್ಟ, ನಾಳೆ ನೀನೇ ಮಾಡು” ಅನ್ನು. ಆದರೆ ನಾಳೆ ಅವನಿಗೆ ಕೊಡಲೇಬೇಕು, ಅವನು ಮರೆಯುವ ಗಿರಾಕಿಯಲ್ಲ.

ಇನ್ನು ಮೈಮೇಲೆ ಬೀಳುವ ವಿಷಯ. ನೀನು ಬಾಗಿಲು ತೆಗೆದ ತಕ್ಷಣ ಓಡಿಬಂದು ಸೊಂಟಕ್ಕೆ ಜೋತುಬೀಳುತ್ತಾನೆ, “ಇರೋ, ಕೈಕಾಲು ತೊಳ್ಕೊಂಡು ಬರ್ತೀನಿ” ಅಂತ ಬಿಡಿಸಿಕೊಳ್ಳುತ್ತೀಯ. ತೊಳೆದುಕೋ, ಬೇಡ ಅನ್ನುವುದಿಲ್ಲ. ಆಮೇಲೆ ಫೋನನ್ನು ಬ್ಯಾಗಿನಲ್ಲೇ ಬಿಟ್ಟು ನೆಲದ ಮೇಲೆ ಕಾಲು ಚಾಚಿ ಕೂತುಬಿಡು. ಏನೂ ಆಡಿಸಬೇಡ, ಏನೂ ಕಲಿಸಬೇಡ. ಬೆನ್ನು ಹತ್ತಲಿ, ಕೂದಲು ಎಳೆಯಲಿ, ಡೇ ಕೇರಿನಲ್ಲಿ ಯಾರು ಯಾರನ್ನು ಕಚ್ಚಿದರು ಅನ್ನುವುದನ್ನು ಉಸಿರು ಕಟ್ಟಿ ಹೇಳಲಿ. ಹತ್ತು ನಿಮಿಷಕ್ಕೆ ಅವನಿಗೇ ಸಾಕಾಗಿ ಎದ್ದುಹೋಗುತ್ತಾನೆ. ದೂರ ತಳ್ಳಿದಷ್ಟೂ ಇಂಥ ಮಕ್ಕಳು ಹೆಚ್ಚು ಅಂಟಿಕೊಳ್ಳುತ್ತವೆ. ನಿನಗೆ ಸಿಟ್ಟು ಬಂದ ದಿನ ಹೀಗೆ ಕೂರಲು ಆಗದಿದ್ದರೆ ಹೇಳಿಬಿಡು, “ಅಮ್ಮಂಗೆ ಸುಸ್ತು, ಸ್ವಲ್ಪ ಹೊತ್ತು ಸುಮ್ನೆ ಮಲಗ್ತೀನಿ” ಅಂತ. ಅವನೂ ಪಕ್ಕಕ್ಕೆ ಬಂದು ಮಲಗಿಕೊಂಡಾನು, ಮಲಗಲಿ.

ಪ್ರೀತಿ ಜಾಸ್ತಿ ಇರುವ ಮಗು ಅಂತ ಅದನ್ನು ಊರಿಗೆಲ್ಲ ಹಂಚಿಸಬೇಡ. ನೆಂಟರು ಬಂದಾಗ “ಮಾಮನಿಗೆ ಮುತ್ತು ಕೊಡು, ಆಂಟಿಗೆ ಕೊಡು” ಅಂತ ತಳ್ಳುತ್ತಾರಲ್ಲ, ನನಗೆ ಅದು ಹಿಡಿಸುವುದೇ ಇಲ್ಲ. ನಮಸ್ಕಾರ ಮಾಡಲಿ, ಸಾಕು. ಬೇಡದ ಅಪ್ಪುಗೆಗೆ ಬೇಡ ಅನ್ನಬಹುದು ಅಂತ ಮನೆಯಲ್ಲೇ ಗೊತ್ತಾದ ಮಗು, ಹೊರಗೆ ಯಾರಾದರೂ ಮುಟ್ಟಬಾರದ ಹಾಗೆ ಮುಟ್ಟಿದಾಗ ಬಾಯಿಬಿಟ್ಟು ಹೇಳುತ್ತೆ. ನಿಮ್ಮತ್ತೆ ಮುಖ ಊದಿಸಿಕೊಂಡರೆ ನನ್ನ ಹೆಸರು ಹೇಳು.

ನಿನ್ನ ಗಂಡನಿಗೂ ಒಂದು ಮಾತು. ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ ಅಂತ ಒಬ್ಬರಿದ್ದರು. ವಕೀಲಿಕೆ ಮಾಡಿಕೊಂಡಿದ್ದವರು ತಮ್ಮ ಮಗನನ್ನು ಬೆಳೆಸುವಾಗ ಮಕ್ಕಳ ಶಿಕ್ಷಣದ ಹುಚ್ಚು ಹಿಡಿದು, ವಕೀಲಿಕೆ ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅಲ್ಲಿನ ಜನ ಅವರನ್ನು ಕರೆದದ್ದು ಮೀಸೆಯ ಅಮ್ಮ ಅಂತ. ನಿನ್ನ ಗಂಡ ಕೆಲಸ ಬಿಡುವುದು ಬೇಡ, ಮೀಸೆಯೂ ಬೇಕಿಲ್ಲ. ರಾತ್ರಿ ಒಂಬತ್ತೂವರೆಗೆ ಬಂದು ಹುಡುಗನನ್ನು ಗಾಳಿಯಲ್ಲಿ ಎಸೆದು ಹಿಡಿಯುವ ಆಟ ನಿಲ್ಲಿಸಿದರೆ ಸಾಕು. ಆ ಆಟವಾದ ಮೇಲೆ ಹನ್ನೊಂದಕ್ಕೂ ಕಣ್ಣು ಮುಚ್ಚುವುದಿಲ್ಲ, ಬೆಳಿಗ್ಗೆ ಅವನನ್ನು ಎಬ್ಬಿಸುವ ಕರ್ಮ ನಿನ್ನದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕದಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು, ದಿನಕ್ಕೆ ಕನಿಷ್ಠ ಮೂರು ಗಂಟೆ ಓಡಾಟ, ನೆಗೆದಾಟ ಬೇಕು. ಕೂತು ಪರದೆ ನೋಡುವುದು ಒಂದು ಗಂಟೆ ಮೀರಬಾರದು. ಎಸೆದು ಹಿಡಿಯುವುದನ್ನು ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಮಾಡಲಿ. ವಾರದ ರಾತ್ರಿಗಳಲ್ಲಿ ಪಕ್ಕದಲ್ಲಿ ಮಲಗಿ ಒಂದು ಕಥೆ ಹೇಳಲಿ. ಅದೇ ಕಥೆ ಬೇಕು ಅನ್ನುತ್ತಾನೆ, ಅದನ್ನೇ ಹೇಳಲಿ. ಒಂದು ಪದ ಬದಲಾದರೂ ಹುಡುಗ ತಿದ್ದುತ್ತಾನೆ, ಅಷ್ಟು ಹುಷಾರಾಗಿರಲಿ.

ಊಟಕ್ಕೆ ಫೋನು ಬೇಡ. ಪರದೆ ನೋಡುತ್ತಾ ನುಂಗುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಮೈಸೂರಿಗೆ ಬರುವಾಗ ರೈಲಿನಲ್ಲಿ ಅರ್ಧ ಗಂಟೆ ಏನೋ ತೋರಿಸಿದೆ ಅಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ಅದಕ್ಕೆಲ್ಲ ಕೊರಗಬೇಡ. ಮೊಸರನ್ನವನ್ನು ಅವನ ಕೈಯಲ್ಲೇ ತಿನ್ನಲು ಬಿಡು, ಕೆಳಗೆ ಬಿದ್ದ ಅಗುಳನ್ನು ಅವನೇ ಆರಿಸಲಿ. ಲಿಫ್ಟಿನಲ್ಲಿ ಬಟನ್ ನೀನು ಒತ್ತಿಬಿಟ್ಟೆ ಅಂತ ನೆಲಕ್ಕೆ ಬಿದ್ದು ಹೊರಳಾಡಿದನಲ್ಲ, ಆಗ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಹತ್ತಿರ ಕೂತಿರು, ತಲೆಗೆ ಪೆಟ್ಟಾಗದ ಹಾಗೆ ನೋಡಿಕೋ, ಬೇರೆಯವರ ಮುಖ ನೋಡಬೇಡ. ತಣ್ಣಗಾದ ಮೇಲೆ ಮಾತು. ಮುಂದಿನ ಸಲ ಬಟನ್ ಅವನೇ ಒತ್ತಲಿ, ಅಷ್ಟಕ್ಕೇಕೆ ಜಗಳ?

ಏಪ್ರಿಲ್‌ನಲ್ಲಿ ಸಂಡಿಗೆ ಇಡುವ ಹೊತ್ತಿಗೆ ನಾಲ್ಕು ದಿನ ಉಳಿಯುವ ಹಾಗೆ ಬನ್ನಿ. ಅವನಿಗೆ ಹಳೆಯ ಅಂಗಿಗಳನ್ನೇ ತಾ, ಟೋಪಿಯೂ ಇರಲಿ. ಬಿಸಿಲು ಏರುವ ಮುಂಚೆ ತಾರಸಿಯ ಮೇಲೆ ಕಾಗೆ ಓಡಿಸುವುದಕ್ಕೆ ನನಗೊಬ್ಬ ಜನ ಬೇಕು, ಆ ಕೆಲಸಕ್ಕೆ ನಿನ್ನ ಮಗನಷ್ಟು ಗಂಟಲಿರುವವನು ನಮ್ಮ ಕೇರಿಯಲ್ಲಿ ಬೇರೆ ಯಾರೂ ಇಲ್ಲ. ಅರ್ಧ ಸಂಡಿಗೆಯನ್ನು ಹಸಿಯಾಗಿಯೇ ತಿಂದು ಮುಗಿಸುತ್ತಾನೆ ಅಂತ ಈಗಲೇ ಲೆಕ್ಕ ಹಿಡಿದಿದ್ದೇನೆ, ಸಬ್ಬಕ್ಕಿಯನ್ನು ಒಂದು ಕೇಜಿ ಜಾಸ್ತಿಯೇ ತರಿಸುತ್ತೇನೆ.